ಮೊಳೆಯದಿರುವ ಸೋಜಿಗ

ಬೀಜ ಮೊಳೆಯುವುದನ್ನು ನೋಡಿ ಬೆರಗಾಗದವರು ಕಡಿಮೆ. ಶಾಲೆಯಲ್ಲಿ ಮಕ್ಕಳ ಕೈಯಿಂದ ಮಾಡಿಸುವ ಮೊದಲ ಪ್ರಯೋಗಗಳಲ್ಲೂ ಅದೊಂದು: ಒದ್ದೆ ಹತ್ತಿ, ನಾಲ್ಕು ಹೆಸರುಕಾಳು, ಕಿಟಕಿಯ ಪಕ್ಕ ಒಂದು ತಟ್ಟೆ. ಎರಡು ಮೂರು ದಿನದಲ್ಲಿ ಬಿಳಿಯ ಬಾಲ. ಫಾಲ್ಗುಣ ಕಳೆದು ಚೈತ್ರ ಬರುವ ಹೊತ್ತಿಗೆ, ಹೊಂಗೆ ಚಿಗುರಿ ಬೇವು ಹೂ ಬಿಡುವಾಗ, ಹಿತ್ತಲಿನ ಮಣ್ಣು ಕೆದಕಿ ಬೆಂಡೆ, ಹೀರೆ, ಸೋರೆ, ಸೌತೆ ಹಾಕುವ ನನಗೆ ಆ ಬೆರಗು ಹೊಸದೇನಲ್ಲ. ಈಚೆಗೆ ಮಾತ್ರ ಮನಸ್ಸು ಅದರ ಬೆನ್ನಿಗಿರುವ ಇನ್ನೊಂದು ಪ್ರಶ್ನೆಗೆ ಸಿಕ್ಕಿಕೊಂಡಿದೆ. ಇಷ್ಟು ದಿನ ಈ ಬೀಜ ಯಾಕೆ ಮೊಳೆಯಲಿಲ್ಲ?

ಸಾರಿಗೆಂದು ಒಂದು ಹಣ್ಣು ಟೊಮೆಟೊ ಹೆಚ್ಚಿ ನೋಡಿ. ಒಳಗೆ ಲೋಳೆಯಲ್ಲಿ ಮುಳುಗಿಕೊಂಡು ನೂರಾರು ಬೀಜ. ನೀರು ಬೇಕಾದಷ್ಟಿದೆ. ಬಿಸಿಲಲ್ಲಿ ತೂಗಿದ ಹಣ್ಣಾದ್ದರಿಂದ ಶಾಖಕ್ಕೂ ಕೊರತೆಯಿಲ್ಲ. ಪಠ್ಯಪುಸ್ತಕ ಕೇಳುವ ಸೌಕರ್ಯಗಳೆಲ್ಲ ವಾರಗಟ್ಟಲೆ ಸುತ್ತ ಇದ್ದರೂ ಬೀಜ ತಣ್ಣಗೆ ಕೂತಿರುತ್ತದೆ. ಅದೇ ಬೀಜವನ್ನು ಹೊರತೆಗೆದು ತೊಳೆದು ಮಣ್ಣಿಗಿಟ್ಟರೆ ಒಂದು ವಾರದಲ್ಲಿ ಎದ್ದು ನಿಲ್ಲುತ್ತದೆ. ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಬೇಸಿಗೆಯ ಸೌತೆಯನ್ನು, ಕೆಲವರು ಮೊಗೆಕಾಯಿ ಎನ್ನುತ್ತಾರೆ, ಬಾಳೆನಾರಿನಲ್ಲಿ ಹೆಣೆದು ಮಾಡಿಗೆ ತೂಗುಹಾಕುತ್ತಿದ್ದರು. ಮಳೆಗಾಲದ ನಡುವೆ ತರಕಾರಿ ಸಿಗದ ದಿನ ಒಂದೊಂದಾಗಿ ಇಳಿಸಿ ಹುಳಿ ಮಾಡುವುದು. ತಿಂಗಳುಗಟ್ಟಲೆ ತಲೆಯ ಮೇಲೆ ತೂಗಿದ ಆ ಕಾಯಿಯ ಒಳಗೂ ನೀರೇ, ಆದರೂ ಕೊಯ್ದಾಗ ಬೀಜ ಇಟ್ಟಲ್ಲೇ ಇಟ್ಟ ಹಾಗೆ ಇರುತ್ತಿತ್ತು. ಅಡುಗೆಮನೆಯಲ್ಲಿ ದಿನವೂ ನಡೆಯುವ ಸಂಗತಿಯಾದ್ದರಿಂದ ಇದನ್ನು ನಾವು ಪವಾಡಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆ ಸುಮ್ಮನೆ ಕೂರದ ಕಾಯಿಗಳೂ ಇವೆ. ಸೀಮೆಬದನೆಯನ್ನು ತರಕಾರಿ ಬುಟ್ಟಿಯಲ್ಲಿ ಮರೆತರೆ ಸಾಕು, ಅದರ ಬಾಯಿ ಸೀಳಿ ಒಂದು ಹಸಿರು ಕುಡಿ ಇಣುಕುತ್ತದೆ. ಕಾಯಿಯೊಳಗಿನ ಒಂದೇ ಬೀಜ ಕಾಯಿಯೊಳಗೇ ಮೊಳೆತು ಬಳ್ಳಿಯಾಗಲು ಹೊರಡುವುದು ಅದರ ಹುಟ್ಟುಗುಣ. ಅದನ್ನು ನೆಡುವವರೂ ಬೀಜ ಬಿಡಿಸಲು ಹೋಗದೆ ಇಡೀ ಕಾಯನ್ನೇ ಮಣ್ಣಿಗೆ ಕೂರಿಸುತ್ತಾರೆ. ತೀರ ಕಳಿತ ಹಲಸಿನ ತೊಳೆ ಬಿಡಿಸುವಾಗಲೂ ಒಮ್ಮೊಮ್ಮೆ ಬಾಲ ಮೂಡಿದ ಬೀಜ ಕೈಗೆ ಸಿಗುತ್ತದೆ. ಇವುಗಳನ್ನು ಕಂಡಾಗಲೇ ಉಳಿದ ಬೀಜಗಳು ಎಂಥ ಹಿಡಿತದಲ್ಲಿವೆ ಎಂಬುದು ಹೊಳೆಯುವುದು.

ಆ ಹಿಡಿತ ಎಲ್ಲಿಂದ ಬರುತ್ತದೆ ಎಂಬುದು ಈಗ ಬಹುಮಟ್ಟಿಗೆ ಗೊತ್ತಿದೆ. ಹಣ್ಣಿನ ರಸದಲ್ಲಿ ಸಕ್ಕರೆ ಲವಣಗಳು ಕರಗಿರುವುದರಿಂದ ಬೀಜಕ್ಕೆ ಅದರಿಂದ ಬೇಕಾದಷ್ಟು ನೀರು ಹೀರಿಕೊಳ್ಳುವುದು ಸುಲಭವಲ್ಲ. ಅದರ ಜೊತೆಗೆ, 1960ರ ದಶಕದಲ್ಲಿ ವಿಜ್ಞಾನಿಗಳು ಗುರುತಿಸಿದ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಬೀಜ ಬಲಿಯುವ ಕಾಲದಲ್ಲಿ ಒಳಗೆ ಹೆಚ್ಚಾಗಿ, ಭ್ರೂಣವನ್ನು ಈಗಲೇ ಬೇಡ ಎಂದು ತಡೆದಿಡುತ್ತದೆ. ಈ ಆಮ್ಲವನ್ನು ಸರಿಯಾಗಿ ತಯಾರಿಸಲಾರದ ಟೊಮೆಟೊ ತಳಿಗಳಿವೆ. ಅವುಗಳ ಹಣ್ಣು ಹೆಚ್ಚು ಕಳಿತರೆ ಒಳಗಿನ ಬೀಜಗಳು ಹಣ್ಣಿನಲ್ಲೇ ಮೊಳೆಯುತ್ತವೆ. ಬೀಜಕ್ಕೆಂದು ಟೊಮೆಟೊ ಹಿಂಡಿ ಒಂದೆರಡು ದಿನ ನೀರಲ್ಲಿ ಕೊಳೆಯಲು ಬಿಡುತ್ತೇವಲ್ಲ, ಮೂಗು ಮುಚ್ಚಿಕೊಂಡು ಮಾಡುವ ಆ ಕೆಲಸದಲ್ಲಿ ಬೀಜಕ್ಕಂಟಿದ ಲೋಳೆ ಬಿಡುತ್ತದೆ. ಬೇಲಿಯ ಬುಡಕ್ಕೆ ಬಿದ್ದ ಹಣ್ಣು ತಾನೇ ಮಾಡಿಕೊಳ್ಳುವುದೂ ಅದನ್ನೇ. ಹಣ್ಣು ಕೊಳೆಯುವ ತನಕ ಬೀಜ ಏಳಬಾರದು, ಕೊಳೆತ ಮೇಲೆ ಏಳಬಹುದು. ಎಷ್ಟು ಸರಳ ಏರ್ಪಾಡು.

ಹಣ್ಣಿನಿಂದ ಹೊರಬಂದ ಬೀಜ ಒಣಗಬೇಕು. ನಮ್ಮ ದೇಹದಲ್ಲಿ ಅಷ್ಟು ನೀರು ಕಡಿಮೆಯಾದರೆ ಹೆಣ ಎತ್ತಬೇಕಾದೀತು. ಬೀಜ ತನ್ನ ತೂಕದಲ್ಲಿ ಹತ್ತರ ಒಂದಂಶವೂ ನೀರಿಲ್ಲದಷ್ಟು ಒಣಗಿಯೂ ಬದುಕಿರುತ್ತದೆ. ಆ ಸ್ಥಿತಿಯಲ್ಲಿ ಜೀವಕೋಶದೊಳಗಿನ ದ್ರವ ಸಕ್ಕರೆಗಳ ನೆರವಿನಿಂದ ಗಾಜಿನಂತೆ ಗಟ್ಟಿಯಾಗುತ್ತದೆ. ಹರಿಯುವುದಿಲ್ಲ, ಹರಳುಗಟ್ಟುವುದೂ ಇಲ್ಲ. ಅಣುಗಳು ಇದ್ದಲ್ಲೇ ಉಳಿಯುತ್ತವೆ. ಅದನ್ನು ಉಸಿರಾಟ ಎನ್ನಬೇಕೋ ಬೇಡವೋ ಎಂಬಷ್ಟು ಕನಿಷ್ಠದ ಬದುಕು ಅದು. ಇಸ್ರೇಲಿನ ಮಸಾಡ ಕೋಟೆಯಲ್ಲಿ 1960ರ ದಶಕದ ಉತ್ಖನನದಲ್ಲಿ ಸಿಕ್ಕ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಮೊಳೆಯಿತು, ಗಿಡವಾಗಿ ಮರವೂ ಆಯಿತು. ಸುಮಾರು 2000 ವರ್ಷ ಅದು ಆ ಒಣ ಸೀಮೆಯಲ್ಲಿ ಹಾಗೇ ಇತ್ತು.

ಹಿತ್ತಲಿನ ತರಕಾರಿ ಬೀಜಗಳಿಗೆ ಅಷ್ಟು ಆಯುಸ್ಸಿಲ್ಲ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೆ ಸೋಲುತ್ತದೆ. ಸೌತೆ ಕುಂಬಳಗಳು ಚೆನ್ನಾಗಿಟ್ಟರೆ ನಾಲ್ಕೈದು ವರ್ಷ ಬರುತ್ತವೆ. ಚೆನ್ನಾಗಿಡುವುದು ಎಂದರೇನು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಒಂದು ಅಂದಾಜು ಸೂತ್ರ ಕೊಟ್ಟರು: ಬೀಜದ ತೇವ ಶೇಕಡಾ 1ರಷ್ಟು ಕಡಿಮೆಯಾದರೆ ಅದರ ಆಯುಸ್ಸು ಇಮ್ಮಡಿ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೊಮ್ಮೆ ಇಮ್ಮಡಿ. ಸಾಗರದ ಕಡೆಯವರಾದ ನಮ್ಮ ಅತ್ತೆಗೆ ಈ ಸೂತ್ರ ಓದಿ ಹೇಳಿದೆ. ಅವರು ಕೇಳಿಸಿಕೊಂಡು, "ಅದಕ್ಕೇ ಅಲ್ವಾ ಬೂದಿ ಹಾಕೋದು" ಎಂದರು. ಅವರ ತವರಿನಲ್ಲಿ ಒಣ ಸೋರೆಬುರುಡೆಯೊಳಗೆ ಒಲೆಬೂದಿ ಬೆರೆಸಿದ ಬೀಜ ತುಂಬಿ, ಬಾಯಿಗೆ ಬಿರಡೆ ಜಡಿದು ಅಟ್ಟದ ಮೇಲಿಡುತ್ತಿದ್ದರಂತೆ. ಕುಂಬಳ ಸೌತೆಗಳ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು, ಬಲಿತ ಹೀರೆಯನ್ನು ಒಲೆಯ ಹೊಗೆ ತಾಗುವಲ್ಲಿ ಇಡಿಯಾಗಿ ತೂಗುಹಾಕುವುದು ಇವೆಲ್ಲ ಅವರು ಕಣ್ಣಾರೆ ಕಂಡದ್ದು. ಮಲೆನಾಡಿನ ಮಳೆಯಲ್ಲಿ ಉಷ್ಣತೆ ಇಳಿಸುವುದು ಅವರ ಕೈಲಿರಲಿಲ್ಲ. ತೇವ ಇಳಿಸುವುದಿತ್ತು. ಬೂದಿ ಅದನ್ನೇ ಮಾಡುತ್ತಿತ್ತು, ಹುಳುವನ್ನೂ ದೂರವಿಡುತ್ತಿತ್ತು.

ಹಾಗೆ ಇಟ್ಟ ಬೀಜವನ್ನು ಚೈತ್ರದ ಒಂದು ಸಂಜೆ ನೀರಿಗೆ ಹಾಕುತ್ತೇವೆ. ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ನೋಡಿದಿರಾ, ಜೀವ ಬಂತು ಎಂದು ಸಂಭ್ರಮಪಡುವ ಹಾಗಿಲ್ಲ. ಸತ್ತ ಬೀಜವೂ ಅಷ್ಟೇ ನೀರು ಕುಡಿದು ಅಷ್ಟೇ ಉಬ್ಬುತ್ತದೆ. ಒಣ ಹಿಟ್ಟಿಗೂ ಒಣ ಮರಕ್ಕೂ ಇರುವ ನೀರಡಿಕೆಯೇ ಈ ಮೊದಲ ಘಟ್ಟದಲ್ಲಿ ಕೆಲಸ ಮಾಡುವುದು, ಜೀವದ ಪಾತ್ರ ಅಲ್ಲಿಲ್ಲ. ಬಟ್ಟಲಲ್ಲಿ ಅಕ್ಕಪಕ್ಕ ಉಬ್ಬಿ ಕೂತ ಎರಡು ಸೋರೆಬೀಜಗಳಲ್ಲಿ ಬದುಕಿದ್ದು ಯಾವುದು, ಸತ್ತದ್ದು ಯಾವುದು ಎಂದು ನಾನಂತೂ ಹೇಳಲಾರೆ. ಬದುಕಿದ್ದ ಬೀಜದಲ್ಲಿ ಈಗ ರಿಪೇರಿ ಶುರುವಾಗಿರುತ್ತದೆ. ಒಣಗಿದ್ದ ಕಾಲದಲ್ಲಿ ಮುರಿದ ಡಿಎನ್‌ಎ ಎಳೆಗಳನ್ನು ಸೇರಿಸುವುದು, ಕೋಶಗಳ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಗಳನ್ನು ಸರಿಪಡಿಸುವುದು, ಕೂಡಿಟ್ಟ ಹಿಟ್ಟು ಎಣ್ಣೆಗಳನ್ನು ಕರಗಿಸಲು ಕಿಣ್ವಗಳನ್ನು ಸಿದ್ಧಮಾಡುವುದು. ಹೊರಗೆ ಇದರ ಗುರುತೇ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿಟ್ಟು ದಿನಕ್ಕೆರಡು ಸಲ ಬಿಚ್ಚಿ ನೋಡುವವರ ಅವಸರಕ್ಕೆ ಅದು ಜಗ್ಗುವುದೂ ಇಲ್ಲ.

ಆಮೇಲೆ ಬೇರು ಇಳಿಯುತ್ತದೆ. ಮೊದಲು ಬೇರೇ. ಇಲ್ಲಿ ಸೌತೆ, ಕುಂಬಳ, ಸೋರೆಗಳ ಬೀಜದಲ್ಲಿ ಒಂದು ಸಣ್ಣ ಘಟನೆ ನಡೆಯುತ್ತದೆ. ಇದನ್ನು ತಿಳಿದ ಮೇಲೆ ನನಗೆ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂರುವ ಚಟ ಹತ್ತಿದೆ. ಈ ಬೀಜಗಳ ಸಿಪ್ಪೆ ಗಟ್ಟಿ, ಚಪ್ಪಟೆ, ಎರಡು ಕವಚ ಅಂಟಿಸಿದ ಹಾಗೆ. ಒಳಗಿನ ಎರಡು ಬೀಜದೆಲೆಗಳು ಅದರಿಂದ ಹೊರಬರಬೇಕು. ಕಾಂಡ ಗಾಳದಂತೆ ಬಾಗಿ ಮೇಲಕ್ಕೆಳೆಯುತ್ತದೆ, ಸರಿ. ಆದರೆ ಸಿಪ್ಪೆಯೂ ಜೊತೆಗೇ ಮೇಲೆದ್ದು ಬಂದರೆ? ಹಾಗಾಗದಂತೆ ಬೇರಿಗೂ ಕಾಂಡಕ್ಕೂ ನಡುವಿನ ಗಡಿಯಲ್ಲಿ, ಕೆಳಬದಿಯಲ್ಲಿ ಮಾತ್ರ, ಒಂದು ಪುಟ್ಟ ಗೂಟ ಮೂಡುತ್ತದೆ. ಅದು ಸಿಪ್ಪೆಯ ಕೆಳಗಿನ ಅಂಚನ್ನು ಒತ್ತಿ ಹಿಡಿಯುತ್ತದೆ. ಮಗು ಒಂದು ಕಾಲಿಂದ ಚಡ್ಡಿಯ ತುದಿಯನ್ನು ತುಳಿದು ಹಿಡಿದು ಇನ್ನೊಂದು ಕಾಲನ್ನು ಹೊರಗೆಳೆದುಕೊಳ್ಳುವುದಿಲ್ಲವೇ, ಹಾಗೆ. ಎಲೆಗಳು ಸಿಪ್ಪೆಯಿಂದ ಜಾರಿ ಹೊರಬಂದಮೇಲೆ ಗೂಟಕ್ಕೆ ಬೇರೆ ಕೆಲಸವಿಲ್ಲ.

ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್‌ನ ನೆರವಿನಿಂದ ಬರೆದು 1880ರಲ್ಲಿ ಪ್ರಕಟಿಸಿದ, ಸಸ್ಯಗಳ ಚಲನೆಯ ಕುರಿತ ಪುಸ್ತಕದಲ್ಲಿ ಈ ಗೂಟದ ವರ್ಣನೆಯಿದೆ. ಅದು ಕೆಳಬದಿಯಲ್ಲೇ ಮೂಡಬೇಕೆಂದು ಬೀಜಕ್ಕೆ ಹೇಗೆ ತಿಳಿಯುತ್ತದೆ ಎಂಬುದನ್ನು ಪರೀಕ್ಷಿಸಲು ಸೌತೆಬೀಜಗಳು ಬಾಹ್ಯಾಕಾಶಕ್ಕೇ ಹೋಗಿಬಂದವು. 1998ರ ಅಕ್ಟೋಬರ್ ಕೊನೆಯಲ್ಲಿ ಹಾರಿದ ಡಿಸ್ಕವರಿ ನೌಕೆಯದು, 77 ವರ್ಷದ ಜಾನ್ ಗ್ಲೆನ್ ಮತ್ತೊಮ್ಮೆ ಬಾಹ್ಯಾಕಾಶಕ್ಕೆ ಹೋದರೆಂದು ಪತ್ರಿಕೆಗಳು ಬರೆದ ಅದೇ ಯಾನ. ಅದರಲ್ಲಿ ಜಪಾನಿನ ವಿಜ್ಞಾನಿಗಳು ರೂಪಿಸಿದ ಪ್ರಯೋಗವೂ ಇತ್ತು. ತೂಕವಿಲ್ಲದ ಆ ಸ್ಥಿತಿಯಲ್ಲಿ ಮೊಳೆತ ಸೌತೆಯಲ್ಲಿ ಗೂಟ ಮೂಡಿತು. ಒಂದಲ್ಲ, ಎರಡೂ ಬದಿಗೆ ಒಂದೊಂದು! ಅಂದರೆ ಗೂಟ ಮೂಡಿಸುವ ಬಯಕೆ ಗಿಡಕ್ಕೆ ಎರಡೂ ಕಡೆ ಇದೆ. ಭೂಮಿಯ ಸೆಳೆತ ಮಾಡುವ ಕೆಲಸವೆಂದರೆ ಮೇಲಿನ ಬದಿಯದನ್ನು ತಡೆಯುವುದು. ಇಲ್ಲೂ ತಡೆಯುವುದೇ.

ಆ ಸಿಪ್ಪೆಯ ವಿಚಾರ ಇನ್ನೊಂದಿದೆ. ಬೀಜದ ಒಳಗಿನ ಭ್ರೂಣ ಹೊಸ ಗಿಡ, ತಂದೆಯ ಪರಾಗ ತಾಯಿಯ ಅಂಡ ಸೇರಿ ಆದದ್ದು. ಅದನ್ನು ಸುತ್ತಿದ ಸಿಪ್ಪೆಗೆ ತಂದೆಯ ಪಾಲಿಲ್ಲ. ಅದು ಪೂರ್ತಿ ತಾಯಿಬಳ್ಳಿಯದೇ ಅಂಗಾಂಶ. ಕಳೆದ ವರ್ಷ ಚಪ್ಪರದ ಮೇಲೆ ಒಣಗಿ ಹೋದ ಬಳ್ಳಿಯ ಒಂದು ತುಣುಕು ಮಗುವನ್ನು ಸುತ್ತಿಕೊಂಡು ಬಂದು ಮಣ್ಣಲ್ಲಿ ಅದನ್ನು ಬಿಟ್ಟುಕೊಡುತ್ತದೆ. ಬೀಜವನ್ನು ತೀರ ಮೇಲಕ್ಕೆ ಹಾಕಿದರೆ ಅಥವಾ ಮೇಲ್ಮಣ್ಣು ಒಣಗಿಬಿಟ್ಟರೆ ಗೂಟದ ಹಿಡಿತ ತಪ್ಪಿ ಎಲೆಗಳ ತುದಿಗೆ ಸಿಪ್ಪೆ ಸಿಕ್ಕಿಕೊಂಡೇ ಮೇಲೆ ಬರುತ್ತದೆ. ಆಗ ಎರಡು ಹನಿ ನೀರು ಹಾಕಿ ನೆನೆಸಿ ಬೆರಳ ತುದಿಯಲ್ಲಿ ಮೆಲ್ಲಗೆ ಬಿಡಿಸಬೇಕು. ಎಳೆಯ ಎಲೆ ಹರಿದೀತೆಂಬ ಭಯದಲ್ಲಿ ಉಸಿರು ಬಿಗಿಹಿಡಿಯುವುದೂ ಉಂಟು.

ಸಾವಯವ ಬೀಜ ಎಂದು ನಾವು ಹುಡುಕಿಕೊಂಡು ಹೋಗುವುದಕ್ಕೆ ನನ್ನ ಮಟ್ಟಿಗೆ ಕಾರಣ ಇಲ್ಲೇ ಇದೆ. ಅಂಗಡಿಯ ಪೊಟ್ಟಣ ಒಡೆದರೆ ಹಲವು ಸಲ ಗುಲಾಬಿಯೋ ಹಸಿರೋ ಬಣ್ಣ ಬಳಿದ ಬೀಜ ಸಿಗುತ್ತದೆ. ಬೂಷ್ಟಿನಿಂದ ಕಾಪಾಡಲು ಲೇಪಿಸಿದ ಔಷಧದ ಗುರುತು ಅದು. ಪೊಟ್ಟಣದ ಮೇಲೆ ತಿನ್ನಬಾರದೆಂಬ ಎಚ್ಚರಿಕೆಯೂ ಇರುತ್ತದೆ. ದೊಡ್ಡ ಹೊಲದವರ ಕಷ್ಟ ಬೇರೆ, ಅವರನ್ನು ಹಿತ್ತಲಲ್ಲಿ ಕೂತು ದೂರುವುದು ನನಗೆ ಸೇರದು. ಹಾಗೆಯೇ ಸಂಶೋಧನಾ ಕೇಂದ್ರದಿಂದ ಬಂದ ತಳಿಯೆಲ್ಲ ಕೆಟ್ಟದ್ದೆಂಬ ಹಟವೂ ಬೇಡ. ಹೆಸರಘಟ್ಟದಲ್ಲಿ ಹಳದಿ ನಂಜು ತಡೆಯಲೆಂದು ಬೆಂಡೆಯನ್ನು ಅದರ ಕಾಡುನೆಂಟನ ಜೊತೆ ಸೇರಿಸಿ ಸಿದ್ಧಪಡಿಸಿದ ಅರ್ಕಾ ಅನಾಮಿಕಾ ವರ್ಷವರ್ಷವೂ ಕೊಳ್ಳಬೇಕಾದ ಸಂಕರ ಬೀಜವಲ್ಲ. ಅದರ ಕಾಯಿ ಬಲಿಸಿ ಮುಂದಿನ ವರ್ಷಕ್ಕೆ ಬೀಜ ಹಿಡಿಯಬಹುದು. ಹಿತ್ತಲಿಗೆ ಬೇಕಾದದ್ದು ಆ ಗುಣ. ಇನ್ನೊಂದು ಮಾತು: ತಾಯಿಗಿಡ ಬೀಜದೊಳಗೆ ಮಗುವಿನ ಜೊತೆಗೆ ಊಟವನ್ನಷ್ಟೇ ಇಟ್ಟು ಕಳಿಸುವುದಿಲ್ಲ. ತನ್ನ ಮೈಯಲ್ಲಿ ನೆಲೆಸಿದ್ದ ಕೆಲವು ಬ್ಯಾಕ್ಟೀರಿಯ, ಶಿಲೀಂಧ್ರಗಳನ್ನೂ ಕಳಿಸುತ್ತದೆ. ತಾಯಿ ಎಂಥ ಮಣ್ಣಲ್ಲಿ ಬೆಳೆದಳು ಎಂದು ವಿಚಾರಿಸುವುದು, ಹಾಗಾಗಿ, ಬರೀ ಭಾವುಕತೆಯಲ್ಲ.

ಪಾತಿ ಸಿದ್ಧ ಮಾಡಿದ ಮರುವಾರ ನಾವು ಹಾಕಿದ್ದಕ್ಕಿಂತ ಮೊದಲು ನಾವು ಹಾಕದ್ದು ಹುಟ್ಟುತ್ತದೆ. ಎಲ್ಲಿತ್ತು ಈ ಕಳೆ? ಅಲ್ಲೇ ಇತ್ತು. ವರ್ಷಗಳಿಂದ ಮಣ್ಣಡಿಯಲ್ಲಿ ಇತ್ತು. ಗುದ್ದಲಿ ಮಣ್ಣನ್ನು ಮಗುಚಿದಾಗ ಅದಕ್ಕೊಂದು ಕ್ಷಣ ಬೆಳಕು ತಾಗಿತು, ಅಷ್ಟೇ. ಬಹಳ ಸಣ್ಣ ಬೀಜಗಳಲ್ಲಿ ಅನೇಕವಕ್ಕೆ ಬೆಳಕು ಕಾಣದೆ ಏಳುವ ಧೈರ್ಯವಿಲ್ಲ. ಗಂಟಿನಲ್ಲಿ ಊಟ ಕಡಿಮೆ, ಆಳದಿಂದ ಹೊರಟರೆ ಮೇಲೆ ತಲುಪುವ ಮೊದಲೇ ಮುಗಿದುಹೋಗುತ್ತದೆ. ಬೆಳಕೂ ಎಂಥದೆಂದು ಅವು ನೋಡುತ್ತವೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧಕರು ಲೆಟಿಸ್ ಬೀಜದ ಮೇಲೆ ಕೆಂಪು ಬೆಳಕು ಬಿಟ್ಟರು, ಮೊಳೆಯಿತು. ಅದರ ಹಿಂದೆಯೇ ನಮ್ಮ ಕಣ್ಣಿಗೆ ಕಾಣುವುದೇ ಕಷ್ಟವಾದ ದೂರಗೆಂಪು ಬೆಳಕು ಬಿಟ್ಟರು, ಮೊಳೆಯಲಿಲ್ಲ. ಕೆಂಪು, ದೂರಗೆಂಪು, ಮತ್ತೆ ಕೆಂಪು ಎಂದು ಎಷ್ಟು ಸಲ ಬದಲಿಸಿದರೂ ಕೊನೆಯಲ್ಲಿ ಬಿದ್ದದ್ದು ಯಾವುದೋ ಅದರ ಮಾತೇ ನಡೆಯಿತು. ಹಸಿರೆಲೆ ಕೆಂಪನ್ನು ತಾನು ನುಂಗಿ ದೂರಗೆಂಪನ್ನು ಕೆಳಗೆ ಬಿಡುತ್ತದೆ. ಆದ್ದರಿಂದ ಸಾಸಿವೆಗಿಂತ ಚಿಕ್ಕ ಕಾಳೊಂದು, ಕಣ್ಣಿಲ್ಲದೆ, ತನ್ನ ತಲೆಯ ಮೇಲೆ ಬೇರೆ ಗಿಡದ ನೆರಳಿದೆಯೋ ಬಯಲಿದೆಯೋ ಎಂದು ತಿಳಿದುಕೊಂಡು ಏಳುವ ತೀರ್ಮಾನ ಮಾಡುತ್ತದೆ.

ಮಿಷಿಗನ್‌ನ ಕೃಷಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಬೀಲ್ ಎಂಬಾತನಿಗೆ ಈ ಕಳೆಬೀಜಗಳ ಸಹನೆಯನ್ನು ಅಳೆಯುವ ಆಸೆ ಬಂತು. 1879ರಲ್ಲಿ 20 ಸೀಸೆ ತೆಗೆದುಕೊಂಡು, ಒಂದೊಂದರಲ್ಲೂ 21 ಬಗೆಯ ಗಿಡಗಳ ತಲಾ 50 ಬೀಜವನ್ನು ಮರಳಿನ ಜೊತೆ ತುಂಬಿ, ನೀರು ನಿಲ್ಲದಂತೆ ಬಾಯಿ ಕೆಳಕ್ಕೆ ವಾಲಿಸಿ ಹೂತಿಟ್ಟ. ಐದು ವರ್ಷಕ್ಕೊಂದು ಸೀಸೆ ತೆಗೆಯುವುದೆಂದು ಮೊದಲ ಲೆಕ್ಕ. ಆತನ ನಂತರ ಬಂದವರು ಅದನ್ನು ಹತ್ತು ವರ್ಷಕ್ಕೆ, ಆಮೇಲೆ ಇಪ್ಪತ್ತಕ್ಕೆ ಹಿಗ್ಗಿಸಿದರು. ಈಚೆಗೆ ಒಂದನ್ನು ಅಗೆದದ್ದು 2021ರಲ್ಲಿ, ಅದೂ ಕತ್ತಲಲ್ಲಿ, ಉಳಿದ ಸೀಸೆಗಳಿಗೆ ಬೆಳಕು ತಾಗೀತೆಂಬ ಎಚ್ಚರದಿಂದ. 142 ವರ್ಷ ಕಾದಿದ್ದ ಹಳದಿ ಹೂವಿನ ಒಂದು ಕಳೆಗಿಡದ ಬೀಜಗಳು ಮೊಳೆತವು. ಕೊನೆಯ ಸೀಸೆ ಹೊರಬರಬೇಕಾದದ್ದು 2100ರಲ್ಲಿ. ಕಳೆ ಕೀಳುವಾಗ ಬೈಗುಳ ಬಾಯಿಗೆ ಬಂದರೆ ನಾನು ಈ ಸೀಸೆಗಳನ್ನು ನೆನೆಯುತ್ತೇನೆ. ಬೈಯುವುದು ನಿಲ್ಲುವುದಿಲ್ಲ, ಆದರೆ ಅದರಲ್ಲಿ ಒಂದಿಷ್ಟು ಗೌರವ ಬೆರೆಯುತ್ತದೆ.

ಕಳೆಗೆ ಇರುವ ಈ ಸಹನೆ ನಮ್ಮ ಬೆಂಡೆಗೆ, ಸೌತೆಗೆ, ಬದನೆಗೆ ಯಾಕಿಲ್ಲ? ಅವುಗಳ ಕಾಡಿನ ಪೂರ್ವಿಕರಿಗೆ ಇತ್ತು. ಮೊದಮೊದಲು ಬೇಸಾಯ ಮಾಡಿದವರು ಬೀಜ ಬಿತ್ತಿದಾಗ ಕೂಡಲೇ ಎದ್ದವು ಬೆಳೆದವು, ಕಾಯಿ ಬಿಟ್ಟವು, ಮರುವರ್ಷದ ಬೀಜವಾದವು. ಮಣ್ಣಲ್ಲಿ ಕಾದು ಕೂತವು ಯಾರ ಬುಟ್ಟಿಗೂ ಬರಲಿಲ್ಲ. ಹೀಗೆ ಸಾವಿರಾರು ವರ್ಷ ನಡೆದು, ಹಾಕಿದ ವಾರಕ್ಕೆ ಒಟ್ಟಾಗಿ ಏಳುವ ಬೀಜ ನಮ್ಮದಾಯಿತು. ಹಣ್ಣಿನೊಳಗೆ ಏಳದಿರುವಷ್ಟು ಹಿಡಿತವನ್ನು ಮಾತ್ರ ಅವು ಉಳಿಸಿಕೊಂಡಿವೆ. ಉಳಿದದ್ದನ್ನೆಲ್ಲ, ಮಳೆ ನಿಜವಾದದ್ದೋ ಸುಳ್ಳೋ, ಬಿಸಿಲು ತಡೆಯುವಂಥದೋ, ಮೇಲೆ ನೆರಳಿದೆಯೋ ಎಂದು ನೋಡಿ ಹೊತ್ತು ನಿರ್ಧರಿಸುವ ಜವಾಬ್ದಾರಿಯನ್ನೆಲ್ಲ, ಅವು ನಮ್ಮ ತಲೆಗೆ ದಾಟಿಸಿಬಿಟ್ಟಿವೆ. ನಾವು ಬೀಜವನ್ನು ಪಳಗಿಸಿದೆವು ಎನ್ನುತ್ತೇವಲ್ಲ, ಬೀಜದ ಕಡೆಯಿಂದ ನೋಡಿದರೆ ಅದು ಕಾಯುವ ಕೆಲಸಕ್ಕೆ ಆಳು ಇಟ್ಟುಕೊಂಡಿತು.

ಆ ಆಳಿನ ಕೆಲಸವನ್ನು ನಮ್ಮವರು ಶ್ರದ್ಧೆಯಿಂದಲೇ ಮಾಡಿದ್ದಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಯಾರಿಗಾಗಿ ಕಟ್ಟಿದ್ದು? ಮಳೆಗೇನೂ ಅದು ಬೇಕಿಲ್ಲ. ಏಪ್ರಿಲ್ ಕೊನೆಯ ಆ ಮಳೆಯ ಲೆಕ್ಕವನ್ನು ಕಳೆಬೀಜ ತಾನೇ ಇಟ್ಟುಕೊಂಡೀತು, ಹೀರೆಬೀಜದ ಪರವಾಗಿ ಯಾರಾದರೂ ಇಟ್ಟುಕೊಳ್ಳಬೇಕಿತ್ತು. ಇನ್ನು ಬೀಜಕ್ಕೆ ಬಿಟ್ಟ ಕಾಯಿ. ಬಳ್ಳಿಯಲ್ಲಿ ಚೆನ್ನಾಗಿ ಕೂತ ಒಂದು ಕಾಯನ್ನು ಆರಿಸಿ, ಯಾರೂ ಕೊಯ್ಯದಿರಲೆಂದು ಅದರ ತೊಟ್ಟಿಗೆ ಬಟ್ಟೆ ಚೂರು ಕಟ್ಟುತ್ತಾರೆ. ಎಳೆಯದಾಗಿ ಪಲ್ಯಕ್ಕೆ ಬರುತ್ತಿದ್ದದ್ದು ಕಣ್ಣೆದುರೇ ಬಲಿತು ನಾರಾಗಿ ಒಣಗಿ ಗಿಲಕಿಯಾಗುವ ತನಕ ಮನೆಯವರೆಲ್ಲ ಕೈಕಟ್ಟಿ ಕೂರಬೇಕು. ಹಣ್ಣಿನೊಳಗೆ ಬೀಜ ತೋರಿಸುವ ಹಿಡಿತ ಈಗ ಅಡುಗೆಮನೆಗೆ ಬಂದಿರುತ್ತದೆ.

ಉಡುಪಿ ಬಳಿಯ ಮಟ್ಟು ಊರಿನ ಗುಳ್ಳ ಬದನೆಯನ್ನೇ ತೆಗೆದುಕೊಳ್ಳಿ. ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಅದು ಎಂಬುದು ಊರವರ ನಂಬಿಕೆ. ಅಂದರೆ ಸುಮಾರು 500 ವರ್ಷದ ಹಿಂದಿನ ಮಾತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ನನ್ನ ಬೆರಗು ಆ ಎರಡರ ನಡುವಿನ ಕಾಲದ್ದು. ಬದನೆಬೀಜ ಕೆಲವು ವರ್ಷಕ್ಕಿಂತ ಹೆಚ್ಚು ಬಾಳದು. ತಿನ್ನುವ ಗುಳ್ಳ ತಿಳಿಹಸಿರು, ಅದರ ಬೀಜ ಇನ್ನೂ ಎಳಸು. ಬೀಜ ಬಲಿಯಬೇಕಾದರೆ ಕಾಯಿ ಹಳದಿಯಾಗಿ ತಿನ್ನಲು ಬಾರದಂತಾಗಬೇಕು. ಹಾಗಾದರೆ ಅಷ್ಟೂ ಕಾಲ, ನಡುವೆ ಎಲ್ಲೂ ಕೊಂಡಿ ಕಳಚದಂತೆ, ಮಟ್ಟುವಿನಲ್ಲಿ ಯಾರೋ ಒಬ್ಬರು ಒಂದೆರಡು ಒಳ್ಳೆಯ ಗುಳ್ಳವನ್ನು ಹುಳಿಗೆ ಹಾಕದೆ ಬಿಡುತ್ತಲೇ ಬಂದಿದ್ದಾರೆ. ಬರಗಾಲದ ವರ್ಷವೂ ಬಿಟ್ಟಿದ್ದಾರೆ. ಮನೆಯಲ್ಲಿ ಮದುವೆಯೋ ಸಾವೋ ಆದ ವರ್ಷವೂ ನೆನಪಿಟ್ಟು ಬಿಟ್ಟಿದ್ದಾರೆ. ಮಠದ ದಾಖಲೆಯಲ್ಲಿ ಆ ಹೆಸರುಗಳು ಇರುವುದಿಲ್ಲ.

ಬದನೆ, ಸೌತೆಗಳ ತವರು ಭಾರತದ ಕಡೆಯೆಂದು ಗುರುತಿಸಿದ ರಷ್ಯದ ವಿಜ್ಞಾನಿ ನಿಕೊಲಾಯ್ ವವಿಲೋವ್ ದೇಶದೇಶ ಸುತ್ತಿ ಬೀಜ ಕೂಡಿಹಾಕಿದವನು. ಸ್ಟಾಲಿನ್ ಆಡಳಿತ ಅವನನ್ನು 1940ರಲ್ಲಿ ಬಂಧಿಸಿತು. 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ತೀರಿಕೊಂಡ. ಆ ಹೊತ್ತಿಗೆ ಲೆನಿನ್‌ಗ್ರಾಡ್ ನಗರವನ್ನು ಜರ್ಮನ್ ಸೇನೆ ಮುತ್ತಿ ಕೂತಿತ್ತು. ಜನ ಹಸಿವಿನಿಂದ ಸಾಯುತ್ತಿದ್ದರು. ಅವನ ಸಂಸ್ಥೆಯ ಕಪಾಟುಗಳಲ್ಲಿ ಅಕ್ಕಿ, ಗೋಧಿ, ಕಡಲೆಕಾಯಿ, ಬಗೆಬಗೆಯ ಕಾಳುಗಳಿದ್ದವು. ಅವನ್ನು ಕಾಯುತ್ತಿದ್ದ ಸಿಬ್ಬಂದಿಯಲ್ಲಿ ಹಲವರು ಆಹಾರವಿಲ್ಲದೆ ಸತ್ತರು. ಭತ್ತದ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್ ಸತ್ತಾಗ ಭತ್ತದ ಪೊಟ್ಟಣಗಳು ಇದ್ದಂತೆಯೇ ಇದ್ದವು. ಇದನ್ನು ಓದಿದಾಗಲೆಲ್ಲ ಒಪ್ಪಲೋ ಬೇಡವೋ ಎಂದು ನನಗೆ ತೋಚುವುದಿಲ್ಲ. ತಿನ್ನಬಹುದಿತ್ತಲ್ಲ ಎಂದು ಒಳಗಿನದೊಂದು ದನಿ ಕೇಳುತ್ತದೆ. ಮನುಷ್ಯರು ಬೀಜದ ಹಾಗೆ ಗಾಜುಗಟ್ಟಿ ಕೂರುವವರಲ್ಲ.

ನಮ್ಮ ಹಿತ್ತಲಿನ ಹಾಗಲಕ್ಕೆ ಮಾತ್ರ ಈ ಪಳಗುವಿಕೆ ಇನ್ನೂ ಪೂರ್ತಿ ಹಿಡಿಸಿಲ್ಲ. ಅದರ ಸಿಪ್ಪೆ ಗಟ್ಟಿ, ಮೊಳೆಯುವುದರಲ್ಲಿ ಸೋಮಾರಿ ಎಂದು ತೋಟದವರೆಲ್ಲ ಬಲ್ಲರು. ಸಿಪ್ಪೆಯ ತುದಿಯನ್ನು ಮೆಲ್ಲಗೆ ಒಡೆದು ಹಾಕಿ ಎನ್ನುವವರಿದ್ದಾರೆ, ಎರಡು ರಾತ್ರಿ ನೆನೆಸಿ ಎನ್ನುವವರೂ ಇದ್ದಾರೆ. ಒಂದೇ ಕಾಯಿಯ ಬೀಜಗಳಲ್ಲೇ ಒಂದು ಈ ವಾರ ಬಂದರೆ ಇನ್ನೊಂದು ಮುಂದಿನ ತಿಂಗಳು. ಕಾಡಿನಲ್ಲಿ ಇದು ಜಾಣತನವೇ. ಎಲ್ಲರೂ ಒಂದೇ ಮಳೆಯನ್ನು ನಂಬಿ ಎದ್ದು, ಆ ಮಳೆ ಕೈಕೊಟ್ಟರೆ ಮನೆತನವೇ ಮುಗಿಯಿತು. ಈ ಸಲ ಯುಗಾದಿಯ ಮುಂಚೆ ಹಾಕಿದ ಹಾಗಲದ ಗುಣಿಗಳಲ್ಲಿ ಒಂದು ಖಾಲಿಯೇ ಉಳಿಯಿತು. ಅಲ್ಲಿ ಬೆಂಡೆ ಹಾಕಿದೆವು. ಬೆಂಡೆ ಮೊಳಕಾಲುದ್ದ ಬಂದು, ಹೂವೂ ಬಿಟ್ಟು, ಒಂದು ಗುಡುಗಿನ ಮಳೆ ಬಿದ್ದ ಮೇಲೆ ಅದರ ಬುಡದಲ್ಲಿ ಸೀಳೆಲೆಯ ಒಂದು ಕುಡಿ ಕಾಣಿಸಿಕೊಂಡಿತು. ಎರಡೇ ದಿನದಲ್ಲಿ ಬೆಂಡೆಯ ಕಾಂಡಕ್ಕೆ ಎಳೆ ಸುತ್ತಲು ಶುರುವಿಟ್ಟಿತು.

"ಅತ್ತೆ, ಇದನ್ನ ಕಿತ್ತುಬಿಡ್ಲಾ? ಬೆಂಡೆಗೆ ತೊಂದರೆ ಆಗತ್ತೆ" ಎಂದೆ.

ಅವರು ಬಗ್ಗಿ ನೋಡಿದರು. "ಬೇಡ ಮಾರಾಯ್ತಿ, ಇಷ್ಟು ತಡ ಮಾಡಿ ಬಂದದ್ದು ಯಾಕೆ ಕೀಳ್ತೀಯ? ಬೆಂಡೆ ಇನ್ನೊಂದು ಒಂದೂವರೆ ತಿಂಗಳಿಗೆ ಮುಗೀತದೆ. ಅಲ್ಲೀತನಕ ಒಂದು ಕೋಲು ಊರು" ಎಂದರು. ಶೆಡ್ಡಿನಲ್ಲಿದ್ದ ಬಿದಿರು ಕೋಲುಗಳೆಲ್ಲ ಹೀರೆಯ ಚಪ್ಪರಕ್ಕೆ ಹೋಗಿದ್ದವು. ಪಕ್ಕದ ಮನೆಯ ನುಗ್ಗೆಮರ ಕಡಿಸಿದ ಕೊಂಬೆಗಳು ಕಾಂಪೌಂಡಿನ ಆಚೆ ಬಿದ್ದದ್ದು ನೆನಪಾಗಿ ಆ ಮನೆಯವರನ್ನು ಕೇಳಲು ಹೋದೆ. ಬೇಕಾದಷ್ಟು ತಗೊಳ್ಳಿ, ಆದರೆ ಹಸಿ ನುಗ್ಗೆಕೋಲು ಊರಿದರೆ ಅದೂ ಚಿಗುರುತ್ತದೆ, ಆಮೇಲೆ ನಮ್ಮನ್ನು ಬೈಯಬೇಡಿ ಎಂದರು.